ಜಡ್ಡುಗಟ್ಟಿದ ಹೆಬ್ಬೆರಳು

ಬಿಸಿನೀರಿನ ಲೋಟದಲ್ಲಿ ಬಲಗೈ ಹೆಬ್ಬೆರಳನ್ನು ಅದ್ದಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ ಗಂಡ, ಹೆಂಡತಿ ಬಾಗಿಲಲ್ಲಿ ಕಾಣಿಸಿದ ಕೂಡಲೇ ಬೆರಳೆತ್ತಿ ಪೈಜಾಮಕ್ಕೆ ಒರೆಸಿಕೊಂಡ.

"ಕಾಫಿಗೆ ಇಷ್ಟು ಬಿಸಿ ಸಾಕಾ ಅಂತ ನೋಡ್ತಿದ್ದೆ."

"ಬೆರಳು ಅದ್ದಿದ ನೀರಿನ ಕಾಫಿ ನೀವೇ ಕುಡೀರಿ," ಎಂದು ಅವಳು ಲೋಟವನ್ನು ಸಿಂಕಿಗೆ ಸುರಿದಳು.

ಇಂಥ ಸುಳ್ಳು ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಹಗಲು ನೀರು ಸರಬರಾಜು ಕಚೇರಿಯ ಕೌಂಟರಿನಲ್ಲಿ ಕೂತು, ನಲ್ಲಿ ಸೋರುತ್ತಿದೆ ಎಂದು ಬಂದವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸುವುದು ಅವನ ಉದ್ಯೋಗ. ಸಂಜೆ ಊರಿನ ಬ್ಯಾಂಡಿನಲ್ಲಿ ಮೊದಲನೇ ಕ್ಲಾರಿನೆಟ್. ಕ್ಲಾರಿನೆಟ್ಟಿನವರ ಸಾಲಿಗೆಲ್ಲ ಅವನೇ ಯಜಮಾನನಾದ್ದರಿಂದ ಅಭ್ಯಾಸದ ಕೋಣೆಯೊಳಗೆ ಕಾಲಿಟ್ಟರೆ ಅವನಿಗೆ ಕೊಂಬು ಬರುತ್ತಿತ್ತು. ಹೊಸದಾಗಿ ಸೇರಿದವರಿಗೆ ಅವನು ಮೊದಲ ದಿನ ಪಾಠ ಹೇಳುತ್ತಿರಲಿಲ್ಲ, ಹೆಬ್ಬೆರಳು ತೋರಿಸುತ್ತಿದ್ದ. ಕ್ಲಾರಿನೆಟ್ಟಿನ ಭಾರವೆಲ್ಲ ಬೀಳುವುದು ಬಲಗೈ ಹೆಬ್ಬೆರಳಿನ ಮೇಲೆ. ವಾದ್ಯದ ಬೆನ್ನಿಗೆ ಒಂದು ಸಣ್ಣ ಲೋಹದ ಕೊಂಡಿಯಿರುತ್ತದೆ, ಅದರಡಿಗೆ ಬೆರಳು ಕೊಟ್ಟು ಎತ್ತಿ ಹಿಡಿಯಬೇಕು. ಹಾಗೆ ಹಿಡಿದು ಹಿಡಿದು ಅವನ ಬೆರಳಿನ ಮಗ್ಗುಲಿಗೆ ಜಡ್ಡು ಕಟ್ಟಿತ್ತು. "ಮುಟ್ಟಿ ನೋಡಿ, ಇದೇ ನನ್ನ ಸರ್ಟಿಫಿಕೇಟು," ಎನ್ನುತ್ತಿದ್ದ. ಮುಟ್ಟಿ, ಅಬ್ಬಾ ಎನ್ನುವ ತನಕ ಬಿಡುತ್ತಿರಲಿಲ್ಲ.

ಆ ಸರ್ಟಿಫಿಕೇಟಿನ ಬುಡದಲ್ಲಿ, ಹೆಬ್ಬೆರಳು ಅಂಗೈಗೆ ಸೇರುವ ಕೀಲಿನಲ್ಲಿ, ಈಗ ಕೆಲವು ತಿಂಗಳಿಂದ ನೋವು. ಅವನು ಬಾಯಿ ಬಿಟ್ಟಿರಲಿಲ್ಲ. ಆದರೆ ಬೀಗ ತೆಗೆಯಲು ಎಡಗೈ ಬಳಸುವುದು, ಬಾಟಲಿಯ ಮುಚ್ಚಳ ಬಿಗಿಯಾಗಿದೆ ಎಂದು ಅವಳ ಮುಂದೆ ತಂದಿಡುವುದು, ಗುಂಡಿ ಹಾಕುವಾಗ ಹಲ್ಲು ಕಚ್ಚುವುದು, ಎಲ್ಲವನ್ನೂ ಅವಳು ನೋಡುತ್ತಿದ್ದಳು. ಆ ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಮೊದಲು ಬಂದದ್ದು ಅವಳಿಗೆ.

ಅವಳೂ ಬಹಳ ವರ್ಷಗಳ ಹಿಂದೆ ಅದೇ ಸಾಲಿನಲ್ಲಿ ಕೂತವಳು. ಎರಡನೇ ಕ್ಲಾರಿನೆಟ್. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ ಮುಗಿಸಿ, ಪೆಟ್ಟಿಗೆ ಹಿಡಿದುಕೊಂಡು ನೇರ ಅಭ್ಯಾಸಕ್ಕೆ ಹೋಗುತ್ತಿದ್ದಳು. ಎರಡನೆಯದನ್ನು ಯಾರೂ ಬೇರೆಯಾಗಿ ಕೇಳಿಸಿಕೊಳ್ಳುವುದಿಲ್ಲ. ಅದು ಕೆಳಗೆಲ್ಲೋ ಮೆಲ್ಲಗೆ ಹೋಗುತ್ತಿರುತ್ತದೆ. ಅದು ನಿಂತರೆ ಮಾತ್ರ ಮೊದಲನೆಯದು ಬರಿಯ ಸೀಟಿಯ ಹಾಗೆ ಕೇಳುತ್ತದೆ. ಅವಳಿಗೆ ಆ ಕೆಳಗಿನ ದಾರಿಯೇ ಇಷ್ಟ, ಅದನ್ನು ನುಡಿಸುವಾಗಲೇ ಅವಳಿಗೆ ಖುಷಿ. ಆಮೇಲೆ ಹೆಬ್ಬೆರಳು ನೋಯತೊಡಗಿ, ನೀರಿನ ಬಕೆಟ್ಟು ಎತ್ತಲಾಗದೆ ಹೋದಾಗ, ಅವಳು ದೊಡ್ಡ ಊರಿನ ವಾದ್ಯದ ಅಂಗಡಿಯಿಂದ ಒಂದು ಪಟ್ಟಿ ತರಿಸಿಕೊಂಡಳು. ಕೊರಳಿಗೆ ಹಾಕಿಕೊಳ್ಳುವ ಕಪ್ಪು ಚರ್ಮದ ಪಟ್ಟಿ, ತುದಿಯಲ್ಲಿ ಒಂದು ಕುಣಿಕೆ. ಕುಣಿಕೆಯನ್ನು ಆ ಕೊಂಡಿಗೆ ಸಿಕ್ಕಿಸಿದರೆ ಭಾರ ಕೊರಳಿಗೆ ಹೋಗಿ ಹೆಬ್ಬೆರಳು ಉಸಿರಾಡುತ್ತದೆ.

ಅದನ್ನು ಹಾಕಿಕೊಂಡು ಕೂತ ಮೊದಲ ಸಂಜೆಯೇ ಗಂಡ ಎಲ್ಲರಿಗೂ ಕೇಳುವಂತೆ ಹೇಳಿದ್ದ: "ಕೊರಳಿಗೆ ಪಟ್ಟಿ ಹಾಕೋದು ನಾಯಿಗೆ. ಮಂಡಿ ಮೇಲೆ ವಾದ್ಯ ಇಟ್ಕೊಳ್ಳೋರು ಮಗು ಆಡಿಸ್ತಾ ಮನೇಲಿರಬೇಕು. ನನ್ನ ಸಾಲಲ್ಲಿ ಎರಡೂ ನಡೆಯಲ್ಲ."

ಹಿಂದಿನಿಂದ ಡ್ರಮ್ಮಿನವನು ಬೌ ಎಂದ. ಕೋಣೆಯೆಲ್ಲ ನಕ್ಕಿತು. ಬ್ಯಾಂಡ್ ಮೇಷ್ಟ್ರು ಕೂಡ ಕನ್ನಡಕ ಒರೆಸುವ ನೆಪದಲ್ಲಿ ನಕ್ಕರು. ಅವಳು ಆ ಸಂಜೆಯ ಅಭ್ಯಾಸ ಮುಗಿಯುವ ತನಕ ನುಡಿಸಿ, ಕ್ಲಾರಿನೆಟ್ ಬಿಚ್ಚಿ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಮತ್ತೆ ಹೋಗಲಿಲ್ಲ. ಮನೆ ಕೆಲಸ ಜಾಸ್ತಿಯಾಯಿತು, ಅದಕ್ಕೆ ಬಿಟ್ಟಳು ಎಂದು ಅವನು ಊರಿಗೆಲ್ಲ ಹೇಳಿದ. ಹೇಳಿ ಹೇಳಿ ಕೊನೆಗೆ ತಾನೇ ನಂಬಿದ.

ಈಚೆಗೆ ಎರಡನೇ ಕುರ್ಚಿ ಖಾಲಿಯಾಯಿತು. ಅಲ್ಲಿ ಕೂರುತ್ತಿದ್ದ ಬ್ಯಾಂಕಿನವನಿಗೆ ವರ್ಗವಾಗಿತ್ತು. ಅವಳು ರಜೆಯ ಮಧ್ಯಾಹ್ನಗಳಲ್ಲಿ, ಗಂಡ ಮನೆಯಲ್ಲಿಲ್ಲದಾಗ, ಮತ್ತೆ ನುಡಿಸಲು ಶುರು ಮಾಡಿದ್ದಳು. ಚೆನ್ನಾಗಿಯೇ ಬರುತ್ತಿತ್ತು. ಒಮ್ಮೊಮ್ಮೆ ಪಟ್ಟಿ ತೆಗೆದು ಹಾಕಿಕೊಳ್ಳುವಷ್ಟು ತಾಳ್ಮೆಯಿಲ್ಲದೆ ವಾದ್ಯದ ಕೆಳತುದಿಯ ಅಗಲ ಬಾಯಿಯನ್ನು ಮಂಡಿಗೆ ಆನಿಸಿಕೊಂಡು ನುಡಿಸುತ್ತಿದ್ದಳು. ಊದಿದ ಉಸಿರಿನ ನೀರು ಇಳಿದು ಬಟ್ಟೆಯ ಮೇಲೆ ದುಂಡಗೆ ಒದ್ದೆ ಗುರುತು ಉಳಿಯುತ್ತಿತ್ತು. ಒಂದು ಸಂಜೆ ಅವನು ಅದನ್ನು ನೋಡಿ, "ಏನೇ, ಮಗು ಆಡಿಸಿದೆಯಾ?" ಎಂದು ನಕ್ಕ. ಅವಳು ಅವತ್ತೇ ಕೇಳಿದಳು.

"ಆ ಕುರ್ಚಿಗೆ ನಾನು ಬರ್ತೀನಿ. ಪಟ್ಟಿ ಹಾಕ್ಕೊಂಡು."

"ಪಟ್ಟಿ ಇಲ್ಲದೆ ಬಾ, ಯಾರು ಬೇಡ ಅಂದ್ರು? ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ತಲೆ ಮೇಲೆ ಕೂರ್ತಾರೆ. ಹೆಂಡತಿ ಅಂತ ನಿಯಮ ಬದಲಾಯಿಸೋಕಾಗುತ್ತಾ?"

ನಿಯಮವಂತೆ. ಅವನ ಹೆಬ್ಬೆರಳಿನಿಂದ ಹುಟ್ಟಿ ಅವನ ಬಾಯಿಂದ ಹೊರಬಿದ್ದದ್ದನ್ನು ಬಿಟ್ಟರೆ ಆ ನಿಯಮಕ್ಕೆ ಬೇರೆ ಯಾವ ಆಧಾರವೂ ಇರಲಿಲ್ಲ.

ಈಗ ಆ ಹೆಬ್ಬೆರಳೇ ಕೈ ಕೊಟ್ಟಿತ್ತು. ಅವನು ಮುಲಾಮು ಹಚ್ಚಿಕೊಂಡು ವಾಸನೆ ಬರದಿರಲೆಂದು ಅದರ ಮೇಲೆ ಪೌಡರು ಹಾಕಿಕೊಂಡ. ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ಕೊಂಡಿಗೆ ತೊಡಿಸಿ ನೋಡಿದ. ಅದು ಜಾರಿತು. ಆಮೇಲೊಂದು ದಿನ ಅವಳ ಹತ್ತಿರ ಬಂದು ಕನ್ನಡಕದ ಸ್ಕ್ರೂ ಬಿಚ್ಚುವ ಚಿಕ್ಕ ಸ್ಕ್ರೂಡ್ರೈವರ್ ಕೇಳಿದ.

"ಯಾಕೆ?"

"ರೇಡಿಯೋದು ಹಿಂದಿನ ಮುಚ್ಚಳ ಸಡಿಲ ಆಗಿದೆ."

ಕೊಟ್ಟಳು. ರೇಡಿಯೋ ಇದ್ದ ಹಾಗೇ ಇತ್ತು. ಕ್ಲಾರಿನೆಟ್ಟಿನ ಕೊಂಡಿ ಮಾತ್ರ ಮೇಲಕ್ಕೆ ಸರಿದಿತ್ತು. ಒಂದು ಕೂದಲೆಳೆ ಸರಿಸಬೇಕಾದ ಕಡೆ ಅವನು ಬೆರಳಗಲ ಸರಿಸಿ, ಹೊಸದಾಗಿ ತೂತು ಕೊರೆದು ಕೂರಿಸಿದ್ದ. ಆ ವಾರದ ಅಭ್ಯಾಸದಲ್ಲಿ ಕಿರುಬೆರಳು ಒತ್ತಬೇಕಾದ ಕೀಗೆ ಎಟುಕದೆ ವಾದ್ಯ ಕೀಂಯ್ ಎಂದಿತಂತೆ. ಊದುವ ತುದಿಯ ರೀಡು ಸರಿಯಿಲ್ಲ ಎಂದು ಅವನು ತಪ್ಪನ್ನು ಅದರ ಮೇಲೆ ಹಾಕಿದನಂತೆ. ಇದನ್ನು ಅವಳಿಗೆ ಹೇಳಿದವನು ಕನ್ನಡಕದ ಕಾಲು ಸರಿಮಾಡಿಸಿಕೊಳ್ಳಲು ಅಂಗಡಿಗೆ ಬಂದ ಡ್ರಮ್ಮಿನವನು. ಉದ್ಯಾನದಲ್ಲಿ ನಡೆಯುವ ಸಂಗೀತ ಕಛೇರಿಯ ದಿನ ಹತ್ತಿರ ಬರುತ್ತಿತ್ತು. ಅದರಲ್ಲಿ ಉದ್ದನೆಯ ಭಾಗವೊಂದನ್ನು ಅವನೊಬ್ಬನೇ ನಿಂತು ನುಡಿಸಬೇಕಿತ್ತು.

ಮುಂದಿನ ರಜೆಯ ಮಧ್ಯಾಹ್ನ ಅವಳು ತನ್ನ ಪೆಟ್ಟಿಗೆ ತೆಗೆದರೆ ಪಟ್ಟಿ ಇರಲಿಲ್ಲ. ಒರೆಸುವ ಬಟ್ಟೆಯನ್ನು ಅವಳು ಮಡಿಸುವ ಹಾಗೆ ಮಡಿಸದೆ, ಮುದ್ದೆ ಮಾಡಿ ತುರುಕಲಾಗಿತ್ತು. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಗು. ಕಳ್ಳತನವನ್ನಾದರೂ ನೆಟ್ಟಗೆ ಮಾಡಲು ಬರುವುದಿಲ್ಲವಲ್ಲ ಈ ಮನುಷ್ಯನಿಗೆ ಎನಿಸಿತು. ಆಮೇಲೆ ಸಿಟ್ಟು ಬಂತು, ಮಂಡಿಯ ಮೇಲೆ ವಾದ್ಯವಿಟ್ಟು ನುಡಿಸಿ ಮುಗಿಸುವವರೆಗೂ ಇತ್ತು. ಕೇಳಬಾರದು ಎಂದು ನಿರ್ಧರಿಸಿದಳು. ಕೇಳಿದರೆ ಇನ್ನೊಂದು ರೇಡಿಯೋ ಕಥೆ ಬರುತ್ತಿತ್ತು.

ಕಛೇರಿಯ ದಿನ ಸೆಖೆಗೆ ಮರದ ಎಲೆಯೂ ಅಲ್ಲಾಡುತ್ತಿರಲಿಲ್ಲ. ವಾದ್ಯದವರೆಲ್ಲ ಕೋಟಿನ ಗುಂಡಿ ಬಿಚ್ಚಿ ಕೂತಿದ್ದರೆ ಮೊದಲನೇ ಕ್ಲಾರಿನೆಟ್ ಒಬ್ಬನೇ ಗಂಟಲ ತನಕ ಗುಂಡಿ ಹಾಕಿಕೊಂಡು, ಒಳಗೊಳಗೇ ಬೆಂದ ಮುಖ ಮಾಡಿಕೊಂಡು ಕೂತಿದ್ದ. ಮುಂದಿನ ಬೆಂಚಿನಲ್ಲಿದ್ದ ಅವಳಿಗೆ ಎರಡು ಗುಂಡಿಗಳ ನಡುವಿನಿಂದ ಇಣುಕುವ ಕಪ್ಪು ಚರ್ಮ ಕಾಣುತ್ತಿತ್ತು. ಕಪ್ಪು ಕೋಟು, ಕಪ್ಪು ವಾದ್ಯ, ಕಪ್ಪು ಪಟ್ಟಿ. ಗೊತ್ತಿಲ್ಲದವರಿಗೆ ಗೊತ್ತಾಗುವಂತಿರಲಿಲ್ಲ.

ಅವನು ಚೆನ್ನಾಗಿ ನುಡಿಸಿದ. ಅದನ್ನು ಅವಳು ಒಪ್ಪಲೇಬೇಕಾಯಿತು. ನೋವಿಲ್ಲದ ಬೆರಳು ಇಷ್ಟು ಹಗುರಾಗಿ ಓಡಾಡುವುದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಇದೇ ಹಗುರ ನನಗೂ ಬೇಕು ಅಂತ ತಾನೇ ನಾನು ಕೇಳಿದ್ದು ಎಂದು ಅವಳ ಹೊಟ್ಟೆ ಉರಿಯಿತು.

ಮುಗಿದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಬ್ಯಾಂಡ್ ಮೇಷ್ಟ್ರು ಅವನತ್ತ ಕೈ ತೋರಿಸಿದರು. ಹೊಗಳಿಕೆ ಕಂಡರೆ ಅವನಿಗೆ ಮೈ ಮೇಲೆ ಎಚ್ಚರವಿರುವುದಿಲ್ಲ. ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ಬೀಸಿದ.

ಕ್ಲಾರಿನೆಟ್ ಬೀಳಲಿಲ್ಲ. ಅವನ ಹೊಟ್ಟೆಯ ಮುಂದೆ ನೇತಾಡುತ್ತ, ಅತ್ತ ಇತ್ತ ತೂಗತೊಡಗಿತು. ಬೆಂಚಿನವರ ಚಪ್ಪಾಳೆ ಮುಂದಿನ ಸಾಲಿನಿಂದ ಹಿಂದಕ್ಕೆ ತೆಳ್ಳಗಾಗುತ್ತ ಹೋಯಿತು. ಏನಾಯಿತೆಂದು ತಿಳಿಯದೆ ಅವನು ಬ್ಯಾಂಡಿನವರ ಕಡೆಗೂ ತಿರುಗಿ ಕೈ ಬೀಸಿದ. ಆಗ ಅವರೂ ನೋಡಿದರು. ಹಿಂದಿನ ಸಾಲಿನಿಂದ, ಮೆಲ್ಲಗೆ, ಬಹಳ ವರ್ಷಗಳ ನಂತರ, ಬೌ ಎಂದು ಕೇಳಿಸಿತು.

ಮನೆಗೆ ನಡೆದು ಬರುವಾಗ ಅವನ ಮುಖ ಹರಳೆಣ್ಣೆ ಕುಡಿದ ಹಾಗಿತ್ತು. ಪಾತ್ರೆ ಅಂಗಡಿಯ ಮೂಲೆ ತಿರುಗಿದ ಮೇಲೆ ಅದು ನಿಧಾನವಾಗಿ ತಿಳಿಯಾಯಿತು. ಅವನು ಏನೋ ಹೊಸೆಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

"ಬುಧವಾರ ಅಭ್ಯಾಸಕ್ಕೆ ನೀನೂ ಬಾ. ಎರಡನೇ ಕುರ್ಚಿ ನಿನ್ನದೇ. ಪಟ್ಟಿ ಹಾಕ್ಕೊಂಡೇ ಕೂತ್ಕೋ."

ಅವಳು ನಿಂತಳು. "ಏನು ಇದ್ದಕ್ಕಿದ್ದ ಹಾಗೆ?"

"ಇದ್ದಕ್ಕಿದ್ದ ಹಾಗೇನಲ್ಲ. ನಾನು ಇವತ್ತು ಹಾಕ್ಕೊಂಡಿದ್ದೇ ನಿನಗೋಸ್ಕರ. ನಾನೇ ಮೊದಲು ಹಾಕಿ ತೋರಿಸಿದ್ರೆ ನಿನ್ನ ಸಂಕೋಚ ಹೋಗುತ್ತೆ ಅಂತ. ಅಲ್ಲಿ ಹಾಗಂತ ಹೇಳ್ತೀನಿ. ನೀನು ಹ್ಞೂಂ ಅಂದ್ರೆ ಸಾಕು."

"ಕೋಟಿನೊಳಗೆ ಬಚ್ಚಿಟ್ಕೊಂಡು ಯಾರಿಗೆ ತೋರಿಸಿದ್ರಿ?"

"ಅಷ್ಟೆಲ್ಲ ಯಾರು ಕೇಳ್ತಾರೆ? ನಿನಗೆ ಕುರ್ಚಿ ಬೇಕೋ ಬೇಡವೋ?"

ಬೇಕಿತ್ತು. ಅದೇ ಕಷ್ಟ. ಅಂಗಡಿಯಲ್ಲಿ ಗಾಜು ಉಜ್ಜುತ್ತ ಅವಳು ಬುಧವಾರದ ತನಕ ಅದನ್ನೇ ಯೋಚಿಸಿದಳು. ಒಂದು ಹ್ಞೂಂ. ಬಾಯಿ ತೆರೆಯುವಷ್ಟೂ ಕೆಲಸವಿಲ್ಲ, ಮೂಗಿನಲ್ಲೇ ಮುಗಿಯುತ್ತದೆ. ಅವನ ಮಾನ ಉಳಿಯುತ್ತದೆ, ತನಗೆ ಕುರ್ಚಿ ಸಿಗುತ್ತದೆ. ಅವನನ್ನು ಕಂಡು ಎಷ್ಟು ಅಸಹ್ಯವಾಗುತ್ತಿತ್ತೋ, ಅವನ ಲೆಕ್ಕಾಚಾರಕ್ಕೆ ಒಪ್ಪಿಕೊಳ್ಳಲು ಹೊರಟ ತನ್ನನ್ನು ಕಂಡೂ ಅಷ್ಟೇ ಆಯಿತು. ಆದರೂ ಹ್ಞೂಂ ಅನ್ನುವುದೆಂದೇ ನಿರ್ಧರಿಸಿ ಪೆಟ್ಟಿಗೆ ಹಿಡಿದು ಹೊರಟಳು.

ಅಭ್ಯಾಸದ ಕೋಣೆಯಲ್ಲಿ ಅದೇ ಕಬ್ಬಿಣದ ಕುರ್ಚಿಗಳು, ಅದೇ ಕುಂಟುವ ಸ್ಟ್ಯಾಂಡುಗಳು. ಅವಳು ಎರಡನೆಯದರಲ್ಲಿ ಕೂತು ಕ್ಲಾರಿನೆಟ್ ಜೋಡಿಸಿಕೊಂಡಳು. ಗಂಡ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಪಟ್ಟಿ ಈಗ ಅಂಗಿಯ ಮೇಲೆ, ಪದಕದ ಹಾಗೆ ಎದ್ದು ಕಾಣುತ್ತಿತ್ತು. ಅವತ್ತು ದಾರಿಯಲ್ಲಿ ಹೊಸೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. ಕಲಾವಿದ ಅಂದ ಮೇಲೆ ಬೇರೆಯವರ ಕಷ್ಟ ಅರಿಯಬೇಕು ಎಂದ. ಒಂದಿಬ್ಬರು ತಲೆದೂಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ತಲೆದೂಗುವವರನ್ನು ಕಂಡರೆ ನಿಲ್ಲಿಸುವ ಜಾತಿಯಲ್ಲ ಅವನದು.

"ಪಾಪ, ಇವಳದು ಮೊದಲಿಂದಲೂ ಹೂವಿನಂಥ ಬೆರಳು," ಎಂದ. ಬಲಗೈ ಎತ್ತಿ ಜಡ್ಡನ್ನು ಎಲ್ಲರಿಗೂ ತೋರಿಸಿದ. "ನನಗೇನು, ಇದೆಲ್ಲ ಬೇಕಾಗೇ ಇಲ್ಲ. ದೀಪದ ಕಂಬ ಹಿಡಿ ಅಂದ್ರೂ ಈ ಬೆರಳಲ್ಲಿ ಹಿಡೀತೀನಿ. ಏನೇ, ಹೌದು ತಾನೇ?"

ಎಲ್ಲರೂ ಅವಳತ್ತ ನೋಡಿದರು. ಬ್ಯಾಂಡ್ ಮೇಷ್ಟ್ರು ಕೂಡ ಕೋಲು ಕೆಳಗಿಟ್ಟು ಕಾದರು.

"ನಿಮಗೆ ಬೇಡ ಅಂದ್ರೆ ಒಳ್ಳೇದೇ ಆಯ್ತು," ಎಂದಳು ಅವಳು. "ಆ ಪಟ್ಟಿ ನನ್ನದು. ನನ್ನ ಪೆಟ್ಟಿಗೆಯಿಂದ ತಗೊಂಡಿದ್ದೀರಿ. ಕೊಡಿ, ನಾನು ನುಡಿಸಬೇಕು."

ಅವನು ನಗಲು ನೋಡಿದ. "ಇನ್ನೊಂದು ತರಿಸಿದ್ರಾಯ್ತು, ಇವತ್ತೊಂದು ದಿನ..."

"ನಿಮ್ಮ ಬೆರಳಿಗೆ ಬೇಡವಲ್ಲ. ಕೊಡಿ."

ಯಾರೂ ನಗಲಿಲ್ಲ. ಡ್ರಮ್ಮಿನವನು ಬಾಯಿ ತೆರೆದು, ಅವಳ ಮುಖ ನೋಡಿ, ಮುಚ್ಚಿಕೊಂಡ. ಗಂಡ ಕೊಂಡಿಯಿಂದ ಕುಣಿಕೆ ಬಿಡಿಸಿ, ತಲೆ ತಗ್ಗಿಸಿ, ಕೊರಳಿನಿಂದ ಪಟ್ಟಿಯನ್ನು ತೆಗೆದು ಅವಳ ಕೈಗೆ ಕೊಟ್ಟ. ಅದು ಬೆವರಿನಿಂದ ಬೆಚ್ಚಗಿತ್ತು. ಅವಳು ಒರೆಸುವ ಬಟ್ಟೆಯಿಂದ ಅದನ್ನು ಒರೆಸಿದಳು, ಅವನ ಎತ್ತರಕ್ಕೆ ಸಡಿಲ ಮಾಡಿದ್ದ ಬಕಲನ್ನು ತನ್ನ ಹಳೆಯ ತೂತಿಗೆ ತಂದು ಹಾಕಿಕೊಂಡಳು. ಬ್ಯಾಂಡ್ ಮೇಷ್ಟ್ರು ಕೋಲು ಎತ್ತಿಕೊಂಡರು.

ನಿಧಾನಗತಿಯ ತುಂಡು ಅದು, ಮೊದಲನೆಯದು ಮೇಲೆ ಉದ್ದಕ್ಕೆ ಎಳೆಯಬೇಕು, ಎರಡನೆಯದು ಕೆಳಗೆ ನಡೆಯಬೇಕು. ಅವಳು ನಡೆದಳು. ಬೆರಳುಗಳಿಗೆ ದಾರಿ ಮರೆತಿರಲಿಲ್ಲ. ಪಕ್ಕದಲ್ಲಿ ಅವನ ವಾದ್ಯ ಮೊದಲು ನೆಟ್ಟಗಿತ್ತು, ಆಮೇಲೆ ಅದರ ತುದಿ ಸಣ್ಣಗೆ ನಡುಗತೊಡಗಿತು. ಅವಳು ತನ್ನ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. ಪುಟ ತಿರುಗಿಸುವ ಹೊತ್ತಿಗೆ ಅವನ ಕ್ಲಾರಿನೆಟ್ಟಿನ ಬಾಯಿ ಮೆಲ್ಲಮೆಲ್ಲಗೆ ಕೆಳಗಿಳಿದು ಅವನ ಮಂಡಿಯ ಮೇಲೆ ಕೂತಿತು. ಇಸ್ತ್ರಿ ಹಾಕಿದ ಪ್ಯಾಂಟಿನ ಮೇಲೆ ದುಂಡಗೆ ಒದ್ದೆ ಹರಡುತ್ತ ಹೋಯಿತು.