ಗುರುವಾರದ ತಿದ್ದುಪಡಿ

ಮೂರನೇ ಸಲವೂ ಪಾಸ್‌ವರ್ಡ್ ತಪ್ಪು ಎಂದು ಕಂಪ್ಯೂಟರ್ ಹೇಳಿದಾಗ ಅವಳು ಕೀಲಿಮಣೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಚೀಟಿಯಲ್ಲಿದ್ದ ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದಿಕೊಂಡು, ನಾಲ್ಕನೇ ಸಲ ಒತ್ತಿದಳು. ಈ ಸಲ ತಪ್ಪು ಎನ್ನಲಿಲ್ಲ. ‘ಈ ಖಾತೆಯನ್ನು ಮುಚ್ಚಲಾಗಿದೆ’ ಎಂದಿತು.

“ಆಗ್ಲೇ ಮುಚ್ಚಿಬಿಟ್ರಾ! ಹೆಣ ಇನ್ನೂ ಮೇಲಿದೆಯಲ್ರೋ!” ಎಂದು ಅವಳು ಪರದೆಗೇ ಬೈದಳು.

ಆ ಸದ್ದಿಗೆ ಅತ್ತಿಗೆ ಎದ್ದು ಬಂದರು. ಅತ್ತಿಗೆ ಎಂದರೆ ಸತ್ತವನ ಅಕ್ಕ. ಮಂಗಳವಾರ ಸುದ್ದಿ ತಿಳಿದ ಮೇಲೆ ಬಂದವರು ಇಲ್ಲೇ ಉಳಿದಿದ್ದರು.

“ಏನೇ ಇದು? ಗಂಡನ್ನ ಕಳಿಸೋ ದಿನಾನೂ ಆ ಡಬ್ಬಿ ಮುಂದೆ ಕೂತಿದೀಯಲ್ಲ!”

“ಇವತ್ತು ಗುರುವಾರ ಅತ್ತಿಗೆ.”

“ಗುರುವಾರ ಆದ್ರೇನೀಗ?”

“ಏಳು ಗಂಟೆಗೆ ತಿದ್ದಬೇಕು. ಇಲ್ದಿದ್ರೆ ಮಧ್ಯಾಹ್ನ ಮೂರಕ್ಕೆ ಚಂದ್ರ ಬಿದ್ದುಹೋಗತ್ತೆ.”

ಅತ್ತಿಗೆ ಹತ್ತಿರ ಬಂದು ಅವಳ ಹಣೆ ಮುಟ್ಟಿ ಜ್ವರ ನೋಡಿದರು.

ಜ್ವರವೂ ಇರಲಿಲ್ಲ, ತಲೆಯೂ ಕೆಟ್ಟಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಲಕ್ಷಾಂತರ ಜನ ಸೇರಿ ಆಡುವ ಒಂದು ಬಾಹ್ಯಾಕಾಶದ ಆಟ ಅದು. ಅದರೊಳಗೆ ಒಬ್ಬ ಸೂರ್ಯ, ಏಳು ಗ್ರಹ, ಹನ್ನೊಂದು ಚಂದ್ರ. ಎಲ್ಲವೂ ನಿಜವಾದ ಆಕಾಶದಲ್ಲಿ ಸುತ್ತುವ ಹಾಗೆಯೇ ಸುತ್ತುತ್ತಿದ್ದವು. ಸುತ್ತುವಂತೆ ಮಾಡಿದವನು ಆ ಆಟದ ಕಂಪನಿಯಲ್ಲಿದ್ದ ಅವಳ ಗಂಡ. ಹನ್ನೊಂದರಲ್ಲಿ ತೀರಾ ಚಿಕ್ಕದಾಗಿ, ಗ್ರಹಕ್ಕೆ ತೀರಾ ಹತ್ತಿರದಲ್ಲಿ ಸುತ್ತುವ ಚಂದ್ರನಿಗೆ ಆಟದಲ್ಲಿ ಬರೀ ಒಂದು ಸಂಖ್ಯೆ. ಈ ಮನೆಯಲ್ಲಿ ಮಾತ್ರ ಅದರ ಹೆಸರು ಪುಟ್ಟಿ. ವಾರಕ್ಕೊಮ್ಮೆ ಮೂರು ಅಂಕಿಗಳನ್ನು ಒಳಗೆ ಹಾಕದಿದ್ದರೆ ಪುಟ್ಟಿ ಸ್ವಲ್ಪಸ್ವಲ್ಪವೇ ಕೆಳಕ್ಕೆ ಜಾರಿ ಗ್ರಹದ ಮೇಲೆ ಬೀಳುತ್ತಿತ್ತು. ಏಳು ದಿನ, ಎಂಟು ಗಂಟೆ: ಅದಕ್ಕಿದ್ದ ವಾಯಿದೆ ಅಷ್ಟೇ.

ಅವಳು ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಅಳತೆ, ಹೊತ್ತು ಎರಡೂ ತಪ್ಪಿದರೆ ಏನಾಗುತ್ತದೆಂದು ಬಲ್ಲವಳು. ಇವತ್ತಿನ ಮೂರು ಅಂಕಿಗಳನ್ನು ಐದೂವರೆಗೇ ಎದ್ದು ಲೆಕ್ಕ ಹಾಕಿ, ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿದ್ದಳು. ಬರೆಯುವಾಗ ಗಂಡನ ಕುರ್ಚಿಯಲ್ಲಿ ಕೂತಿದ್ದೇನೆಂಬುದು ಥಟ್ಟನೆ ನೆನಪಾಗಿ, ಎದ್ದುಹೋಗಿ ಅಡುಗೆಮನೆಯ ಸ್ಟೂಲು ತಂದು ಹಾಕಿಕೊಂಡಿದ್ದಳು.

“ಬಿದ್ರೆ ಬೀಳ್ಲಿ ಬಿಡೇ,” ಎಂದರು ಅತ್ತಿಗೆ. “ಅವನೇ ಹೋದ. ಇನ್ಯಾವ ಚಂದ್ರ, ಇನ್ಯಾವ ಸೂರ್ಯ? ಏಳು, ಸ್ನಾನ ಮಾಡು.”

ಅವಳು ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದಳು.

*

ಹತ್ತು ಹನ್ನೊಂದು ವರ್ಷದ ಹಿಂದೆ ಆ ಆಟದ ಗ್ರಹಗಳು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಪಟಗಳ ಹಾಗೆ ಇದ್ದಲ್ಲೇ ಇರುತ್ತಿದ್ದವು. ಅವನಿಗೆ ಅದನ್ನು ನೋಡಿದರಾಗುತ್ತಿರಲಿಲ್ಲ. “ಗ್ರಹ ಅಂದ್ಮೇಲೆ ಓಡಾಡ್ಬೇಕು ಕಣೇ. ಹೀಗೆ ನಿಂತ್ಕೊಂಡ್ರೆ ಅದು ಗ್ರಹ ಅಲ್ಲ, ಬಲ್ಬು,” ಎನ್ನುತ್ತಿದ್ದ. ಒಂದು ವರ್ಷ ಕೂತು, ಯಾರೂ ಕೇಳದಿದ್ದ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡು, ಎಲ್ಲವನ್ನೂ ಓಡಿಸಿದ. ಮೊದಮೊದಲು ಆಟಗಾರರು ಕೂಗಾಡಿದರು, ನಿನ್ನೆ ಇದ್ದ ಗ್ರಹ ಇವತ್ತು ಅಲ್ಲಿಲ್ಲವೆಂದು. ಆಮೇಲೆ ಅದರ ರುಚಿ ಹತ್ತಿತು. ಗ್ರಹ ಹತ್ತಿರ ಬರುವ ದಿನ ಕಾದು ಹೊರಡುವುದು, ದೂರ ಹೋಗುವ ಮುಂಚೆ ವಾಪಸಾಗುವುದು. ಆಟದ ಹೆಸರು ಎಲ್ಲೆಲ್ಲೋ ಹಬ್ಬಿತು. ಆಫೀಸಿನವರು ಅವನಿಗೆ ‘ಕಕ್ಷೆಯಪ್ಪ’ ಎಂದು ಹೆಸರಿಟ್ಟರು. ಅವನಿಗದು ಒಳಗೊಳಗೇ ಖುಷಿ.

ತಪ್ಪು ಗೊತ್ತಾದದ್ದು ನಾಲ್ಕು ತಿಂಗಳಾದ ಮೇಲೆ. ಗ್ರಹ ಎಲ್ಲಿರಬೇಕೆಂದು ಪ್ರತಿ ಸಲವೂ ಗಡಿಯಾರ ನೋಡಿ ನೇರವಾಗಿ ಲೆಕ್ಕ ಹಾಕುವ ಬದಲು, ಹಿಂದಿನ ಹೆಜ್ಜೆಗೆ ಇನ್ನೊಂದು ಹೆಜ್ಜೆ ಸೇರಿಸುತ್ತಾ ಹೋಗುವಂತೆ ಬರೆದಿದ್ದ. ಹೆಜ್ಜೆಗೊಂದು ಕೂದಲೆಳೆಯಷ್ಟು ತಪ್ಪು. ಕೋಟಿ ಹೆಜ್ಜೆಗೆ ಕೋಟಿ ಕೂದಲು.

ಆ ವಾರವೇ ಆಟದ ಗೆಲುವಿಗೆಂದು ಆಫೀಸಿನಲ್ಲಿ ಪಾರ್ಟಿ. ಅವಳೂ ಹೋಗಿದ್ದಳು. ಕಾಗದದ ಲೋಟ ಹಿಡಿದುಕೊಂಡು ಗಂಡನ ಪಕ್ಕದಲ್ಲೇ ನಿಂತಿದ್ದಳು, ಒಂದೊಂದು ಮಾತೂ ಕೇಳಿಸಿತ್ತು.

“ಸಾರ್, ತಪ್ಪು ನಂದೇ,” ಎಂದಿದ್ದ ಅವನು ಮ್ಯಾನೇಜರಿಗೆ. “ಎರಡೇ ದಿನ ಆಟ ನಿಲ್ಸಿ. ಬುಡದಿಂದ ಸರಿಮಾಡಿ ಕೊಡ್ತೀನಿ. ಮತ್ತೆ ಯಾರೂ ಮುಟ್ಟೋದೇ ಬೇಡ.”

“ಎರಡು ದಿನಾನಾ? ಎರಡು ಗಂಟೆ ನಿಲ್ಸಿದ್ರೂ ಜನ ಬೇರೆ ಆಟಕ್ಕೆ ಹಾರ್ತಾರೆ ಮಾರಾಯ್ರೇ. ಸದ್ಯಕ್ಕೆ ಕೈಯಲ್ಲೇ ತಿದ್ಕೊಂಡು ಹೋಗಿ, ಆಮೇಲೆ ನೋಡೋಣ. ಇದನ್ನ ಊರಿಗೆಲ್ಲ ಸಾರ್ಕೊಂಡು ಬರ್ಬೇಡಿ ಮತ್ತೆ.” ಅಷ್ಟು ಹೇಳಿ ಮ್ಯಾನೇಜರು ಇನ್ಯಾರದೋ ಕೈ ಕುಲುಕಲು ಹೋದರು.

ಆ ‘ಸದ್ಯಕ್ಕೆ’ ಒಂಬತ್ತು ವರ್ಷ ನಡೆಯಿತು. ಮೊದಲು ತಿಂಗಳಿಗೊಮ್ಮೆ ತಿದ್ದಿದರೆ ಸಾಕಿತ್ತು. ಆಟ ಚುರುಕಾಗಲೆಂದು ಕಂಪನಿಯವರು ಆಟದೊಳಗಿನ ಕಾಲವನ್ನು ಇನ್ನಷ್ಟು ಜೋರಾಗಿ ಓಡಿಸಿದರು ನೋಡಿ, ಆಮೇಲೆ ವಾರಕ್ಕೊಮ್ಮೆ. ಪ್ರತಿ ಗುರುವಾರ, ಬೆಳಗ್ಗೆ ಏಳಕ್ಕೆ.

*

ಚಿತಾಗಾರದ ಸಭಾಂಗಣದ ಮುಂದೆ ಆಫೀಸಿನವರು ಇಪ್ಪತ್ತು ಇಪ್ಪತ್ತೈದು ಜನ ಗುಂಪಾಗಿ ನಿಂತಿದ್ದರು. ಅವಳು ಕಾರಿಳಿದು ಬರುವಾಗ ಯಾರೋ, “ಅಂತೂ ಕಕ್ಷೆಯಪ್ಪ ಕಕ್ಷೆ ಬಿಟ್ಟ,” ಎಂದದ್ದೂ, ಇನ್ಯಾರೋ “ಶ್, ಹೆಂಡ್ತಿ ಬರ್ತಿದಾರೆ,” ಎಂದದ್ದೂ ಕೇಳಿಸಿತು. ಕೂಡಲೇ ಎಲ್ಲರ ಮುಖವೂ ಜೋತುಬಿತ್ತು.

“ಪಾಪ, ಅವರಿಗೇನು ಕಮ್ಮಿ ಇತ್ತು? ವಾರಕ್ಕೆ ಒಂದು ಗಂಟೆ ಕೆಲಸ. ನಾವೂ ಇದೀವಿ, ದಿನಾ ಸಾಯ್ತೀವಿ,” ಎಂದ ಒಬ್ಬ, ಅವಳು ದಾಟಿಹೋದಳೆಂದುಕೊಂಡು.

ಮ್ಯಾನೇಜರು ಎರಡೂ ಕೈ ಮುಂದೆ ಚಾಚಿಕೊಂಡೇ ಬಂದರು. ಬೆನ್ನ ಹಿಂದೆ ಟೆಸ್ಟರ್ ಹೆಂಗಸು, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ. ಆಟದಲ್ಲಿ ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕುವುದು ಅವಳ ಕೆಲಸ.

“ತುಂಬಲಾರದ ನಷ್ಟ ಮೇಡಂ. ನನಗಂತೂ ಅಣ್ಣನ್ನ ಕಳ್ಕೊಂಡ ಹಾಗಾಗಿದೆ.” ಮ್ಯಾನೇಜರು ಅವಳ ಕೈ ಬಿಡದೆ ದನಿ ತಗ್ಗಿಸಿದರು. “ಈ ಹೊತ್ತಲ್ಲಿ ಕೇಳಬಾರದು. ಅವರ ಹತ್ರ ಒಂದು ಪುಸ್ತಕ ಇತ್ತಂತಲ್ಲ...”

“ಇದೆ.”

“ನಿನ್ನೆಯಿಂದ ಇವರು ಚಂದ್ರ ಇಳೀತಿದೆ ಅಂತಿದಾರೆ. ಎಷ್ಟು ಹಾಕ್ಬೇಕು ಅಂತ ನಮ್ಮಲ್ಲಿ ಯಾರಿಗೂ ತಿಳೀತಿಲ್ಲ.”

“ಬೆಳಗ್ಗೆ ನಾನೇ ಹಾಕ್ತಿದ್ದೆ. ಖಾತೆ ಮುಚ್ಚಿದೀರಿ.”

“ನೀವಾ?” ಎಂದಳು ಟೆಸ್ಟರ್.

“ಅದು ತಾನಾಗೇ ಆಗೋದು ಮೇಡಂ,” ಎಂದರು ಮ್ಯಾನೇಜರು ಅವಸರದಲ್ಲಿ. “ತೀರ್ಕೊಂಡ್ರು ಅಂತ ಆಫೀಸಲ್ಲಿ ದಾಖಲಾದ ತಕ್ಷಣ ಮುಚ್ಚಿಹೋಗತ್ತೆ. ಈಗ ತೆಗೆಸ್ತೀನಿ, ಐದು ನಿಮಿಷ. ನೀವು ಅಂಕಿ ಕೊಟ್ಬಿಡಿ.”

ಅವಳು ಕೈ ಬಿಡಿಸಿಕೊಂಡಳು. “ಕೊಡ್ತೀನಿ ಸಾರ್. ನೀವು ಒಳಗೆ ಭಾಷಣ ಮಾಡ್ತೀರಂತಲ್ಲ, ಅಲ್ಲಿ ಒಂದು ಮಾತು ಹೇಳಿ. ತಪ್ಪಿದೆ, ಎರಡು ದಿನ ನಿಲ್ಸಿ ಅಂತ ಅವರು ಒಂಬತ್ತು ವರ್ಷದ ಹಿಂದೇನೇ ಕೇಳಿದ್ರು. ಬೇಡ ಅಂದಿದ್ದು ನೀವು. ಅಷ್ಟೇ. ನಿಮ್ಮವರೆಲ್ಲ ಕೂತಿರ್ತಾರಲ್ಲ, ಅವರ ಕಿವಿಗೆ ಬೀಳ್ಲಿ.”

“ಈಗ್ಯಾಕೆ ಮೇಡಂ ಹಳೇದೆಲ್ಲ ಕೆದಕೋದು?”

“ಈಗಲ್ದೆ ಇನ್ಯಾವಾಗ? ನಾಳೆ ಅವರು ಇರ್ತಾರಾ?”

ಮ್ಯಾನೇಜರು ಗಡಿಯಾರ ನೋಡಿಕೊಂಡರು. ಹನ್ನೆರಡೂ ಕಾಲು. “ಆಯ್ತು, ಹೇಳ್ತೀನಿ,” ಎಂದರು.

*

ಎರಡು ವರ್ಷದ ಹಿಂದೆ ಅವನನ್ನು ನಿವೃತ್ತಿ ಮಾಡಿ, ‘ಸಲಹೆಗಾರ’ ಎಂಬ ಬಾಲ ಅಂಟಿಸಿ, ಖಾತೆಯೊಂದನ್ನು ಮಾತ್ರ ಉಳಿಸಿ ಮನೆಗೆ ಕಳಿಸಿದ್ದರು. ಬೀಳ್ಕೊಡುಗೆಯ ದಿನ ಮ್ಯಾನೇಜರು, “ವಾರಕ್ಕೊಂದೇ ಗಂಟೆ ಕೆಲಸ ಮಾಡೋ ಪುಣ್ಯ ಎಲ್ಲರಿಗೂ ಬರಲಿ,” ಎಂದು ತಮಾಷೆ ಮಾಡಿದರಂತೆ. ಎಲ್ಲರೂ ನಕ್ಕರು, ಅವನೂ ನಕ್ಕ. ಮನೆಗೆ ಬಂದವನು ಊಟ ಬೇಡವೆಂದ.

“ಬಾಯಿಗೇನು ಬೀಗ ಹಾಕಿತ್ತಾ? ಆಟ ನಿಲ್ಸೋದು ಬೇಡ ಅಂದಿದ್ದು ನೀವೇ ಅಂತ ಆ ಮ್ಯಾನೇಜರಿಗೆ ಅಲ್ಲೇ ಹೇಳ್ಬೇಕಿತ್ತು,” ಎಂದು ಅವಳು ಜಗಳಕ್ಕೆ ನಿಂತಳು.

“ಹೇಳಿದ್ರೆ ಜನಕ್ಕೆ ಗೊತ್ತಾಗತ್ತಲ್ಲೇ. ಇಷ್ಟು ದಿನ ನಾವು ನಂಬಿದ ಆಕಾಶ ತೇಪೆ ಹಾಕಿದ್ದು ಅಂತ.”

ಅವಳಿಗೆ ಸಿಟ್ಟು ಬಂತು. ಮ್ಯಾನೇಜರ ಮೇಲಷ್ಟೇ ಅಲ್ಲ, ಇವನ ಮೇಲೂ. ಅವಳ ತಾಯಿ ತೀರಿಕೊಂಡದ್ದು ಒಂದು ಗುರುವಾರ ಮುಂಜಾನೆ. ಇವನು ಏಳು ಗಂಟೆಯ ಕೆಲಸ ಮುಗಿಸಿ, ಎಲ್ಲ ಸರಿಯಿದೆಯೇ ಎಂದು ಇನ್ನೊಮ್ಮೆ ನೋಡಿ, ಹೊರಡುವಷ್ಟರಲ್ಲಿ ಬಸ್ಸು ತಪ್ಪಿ, ಅಲ್ಲಿಗೆ ತಲುಪಿದಾಗ ಎಲ್ಲ ಮುಗಿದುಹೋಗಿತ್ತು. ಅದನ್ನು ಅವಳು ಕ್ಷಮಿಸಿರಲಿಲ್ಲ. ಇವತ್ತಿಗೂ ಇಲ್ಲ.

ಆಮೇಲೆ ಅವನ ಕೈ ನಡುಗಲು ಶುರುವಾಯಿತು. ಏಳು ಒತ್ತಲು ಹೋದರೆ ಎಂಟು ಬೀಳುತ್ತಿತ್ತು. ಒಂದು ಗುರುವಾರ ಪುಟ್ಟಿಯನ್ನು ಆಕಾಶದಾಚೆಗೇ ಎಸೆಯುವುದರಲ್ಲಿದ್ದ. ಅವಳು ಓಡಿಬಂದು ಕೀಲಿಮಣೆ ಕಿತ್ತುಕೊಂಡಳು. “ಸರೀರಿ ಆಕಡೆ. ಹೇಳಿ, ನಾನು ಒತ್ತೀನಿ.” ಅವತ್ತಿನಿಂದ ಅವನು ಹೇಳುವುದು, ಅವಳು ಒತ್ತುವುದು. ಕೊನೆಯ ಆರು ತಿಂಗಳು ಲೆಕ್ಕವೂ ಅವಳದೇ. ಅವನು ಪಕ್ಕದಲ್ಲಿ ಕೂತು, “ಶಭಾಶ್,” ಎನ್ನುತ್ತಿದ್ದ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ.

*

ಮ್ಯಾನೇಜರು ಚೆನ್ನಾಗಿಯೇ ಮಾತಾಡಿದರು. ದನಿ ಎಲ್ಲಿ ನಡುಗಬೇಕೋ ಅಲ್ಲಿ ನಡುಗಿತು. “ಒಂಬತ್ತು ವರ್ಷ, ಲಕ್ಷಾಂತರ ಜನ ಅವರ ಆಕಾಶದ ಕೆಳಗೆ ಬದುಕಿದರು. ಆ ಒಂಬತ್ತು ವರ್ಷದಲ್ಲಿ ನಮ್ಮ ಕಕ್ಷೆಯಪ್ಪನವರ ಲೆಕ್ಕ ಒಂದೇ ಒಂದು ದಿನವೂ ತಪ್ಪಲಿಲ್ಲ!”

ಅತ್ತಿಗೆ ಗಳಗಳನೆ ಅತ್ತರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅವಳು ಕಾದಳು. ಇನ್ನೊಂದು ವಾಕ್ಯ ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಮ್ಯಾನೇಜರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು, ಕೈಮುಗಿದು, ಕೆಳಗಿಳಿದು ಬಂದು ಅವಳ ಪಕ್ಕದಲ್ಲಿ ಕೂತರು.

“ಹೆಣದ ಮುಂದೆ ಅವರ ತಪ್ಪು ಎತ್ತಾಡೋಕೆ ನನಗೆ ಮನಸ್ಸು ಬರ್ಲಿಲ್ಲ ಮೇಡಂ,” ಎಂದು ಪಿಸುಗುಟ್ಟಿದರು. “ಹೊಗಳಿದೀನಲ್ಲ, ಅದಕ್ಕಿಂತ ಹೆಚ್ಚು ಏನು ಬೇಕು? ಅಂಕಿ ಹೇಳಿ.”

“ಹೇಳಲ್ಲ.”

“ಮಾತು ಕೊಟ್ಟಿದ್ರಿ!”

“ನೀವೂ ಕೊಟ್ಟಿದ್ರಿ.”

ಟೆಸ್ಟರ್ ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಳು. “ಅಮ್ಮಾ, ಅವರ ಮೇಲಿನ ಸಿಟ್ಟನ್ನ ಚಂದ್ರನ ಮೇಲೆ ತೀರಿಸ್ಕೋಬೇಡಿ. ಹನ್ನೊಂದು ಸಾವಿರ ಜನ ಅದರ ಮೇಲೆ ಮನೆ ಕಟ್ಕೊಂಡಿದಾರೆ. ಮೂರು ಗಂಟೆಗೆ ಎಲ್ಲಾ ಪುಡಿ ಆಗತ್ತೆ.”

ಮೂರೂ ಅಂಕಿ ನಾಲಿಗೆಯ ತುದಿಗೆ ಬಂದವು. ಹೇಳಿಬಿಟ್ಟರೆ ಪುಟ್ಟಿ ಉಳಿಯುತ್ತದೆ. ಮುಂದಿನ ಗುರುವಾರ ಮತ್ತೆ ಇವರ ಫೋನು ಬರುತ್ತದೆ. ಅದರ ಮುಂದಿನ ಗುರುವಾರವೂ. ಗಂಡನ ಲೆಕ್ಕ ಒಂದು ದಿನವೂ ತಪ್ಪಲಿಲ್ಲ ಎಂಬ ಸುಳ್ಳಿಗೆ ಅವಳು ಸಾಯುವವರೆಗೂ ಕೂಲಿ ಮಾಡಬೇಕು. ಅವನು ಮಾಡಿ ಸತ್ತದ್ದು ಸಾಲದೇ?

“ಆಟ ನಿಲ್ಸಿ,” ಎಂದಳು. “ನಿಲ್ಸಿದ್ರೆ ಬೀಳಲ್ಲ.” ಕೈಚೀಲದಿಂದ ನೀಲಿ ಪುಸ್ತಕ ತೆಗೆದು ಟೆಸ್ಟರಳ ಕೈಗೆ ಕೊಟ್ಟಳು. “ಕೊನೇ ಹದಿನಾಲ್ಕು ಹಾಳೆ ನೋಡಿ. ಸರಿಯಾದ ಲೆಕ್ಕ ಪೂರ್ತಿ ಬರೆದಿಟ್ಟಿದಾರೆ. ಎರಡು ದಿನದ ಕೆಲಸ. ಇವತ್ತಿನ ಅಂಕಿ ಇದ್ದ ಹಾಳೇನ ಹರಿದು ಹಾಕಿದೀನಿ.”

ಹರಿದು ಹಾಕಿರಲಿಲ್ಲ, ಪುಸ್ತಕದಿಂದ ಕಿತ್ತು ಮಡಿಸಿದ ಆ ಹಾಳೆ ಅವಳ ಮುಷ್ಟಿಯಲ್ಲಿತ್ತು. ಟೆಸ್ಟರ್ ಆ ಮುಷ್ಟಿಯನ್ನು ನೋಡಿ, ಪುಸ್ತಕ ತೆರೆದು ಹಿಂದಿನಿಂದ ಓದತೊಡಗಿದಳು. ನಾಲ್ಕನೇ ಹಾಳೆಗೆ ಬರುವಷ್ಟರಲ್ಲಿ, “ಅಯ್ಯೋ ದೇವರೇ, ಇಷ್ಟೇನಾ?” ಎಂದಳು. ಮ್ಯಾನೇಜರು ಕೆಂಪಗಾಗಿ ಎದ್ದು, ಫೋನು ಹಿಡಿದುಕೊಂಡು ಹೊರಗೆ ಹೋದರು. ಗಾಜಿನ ಬಾಗಿಲಾಚೆ ಅವರು ಹಣೆ ಒರೆಸಿಕೊಳ್ಳುತ್ತಾ, ಕೈ ಆಡಿಸುತ್ತಾ, ಅತ್ತಿಂದಿತ್ತ ಓಡಾಡುವುದು ಕಾಣುತ್ತಿತ್ತು. ಕಾಲು ಗಂಟೆಯ ಮೇಲೆ ಒಳಗೆ ಬಂದು ಟೆಸ್ಟರಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅವಳು ಲ್ಯಾಪ್‌ಟಾಪ್ ತೆರೆದು ನೋಡಿ, ಈಕೆಯ ಕಡೆಗೆ ತಿರುಗಿ ತಲೆಯಾಡಿಸಿದಳು. ನಿಲ್ಲಿಸಿದ್ದರು.

ಒಂಬತ್ತು ವರ್ಷ ಕಾದರೂ ಅವನಿಗೆ ಸಿಗದಿದ್ದ ಎರಡು ದಿನ ಸಿಕ್ಕಿತ್ತು.

ಕೊನೆಯ ದರ್ಶನಕ್ಕೆ ಕರೆದರು. ಅವಳು ಪೆಟ್ಟಿಗೆಯ ಮೇಲೆ ಬಗ್ಗಿ, ಅತ್ತಿಗೆಗೂ ಕೇಳಿಸದ ಹಾಗೆ, “ನಿಲ್ಸಿದ್ರು ಕಣ್ರೀ,” ಎಂದಳು. ಮಂಗಳವಾರದಿಂದ ಬಾರದಿದ್ದ ಅಳು ಆಗ ಬಂತು. ಚಿತಾಗಾರದ ಕೆಲಸದವನು ಗುಂಡಿ ಒತ್ತಿದ. ಪೆಟ್ಟಿಗೆ ಮೆಲ್ಲಗೆ ಒಳಕ್ಕೆ ಸರಿಯಿತು. ಉಕ್ಕಿನ ಎರಡು ಬಾಗಿಲು ಎರಡೂ ಕಡೆಯಿಂದ ಬಂದು ಕೂಡತೊಡಗಿದವು.

ಆಗಲೇ ಅವಳ ಕೈಚೀಲದಲ್ಲಿ ಫೋನು ಗುರ್ರೆಂದಿತು. ಹಿಂದಿನ ಸಾಲಿನಲ್ಲಿ ಇನ್ಯಾರದೋ ಫೋನು, ಅದರ ಹಿಂದೆ ಮತ್ತೊಂದು, ಆಮೇಲೆ ಒಟ್ಟಿಗೇ ಹತ್ತಾರು. ಆಟದ ಪ್ರಕಟಣೆ. ಅವಳು ಕಣ್ಣೊರೆಸಿಕೊಂಡು ಓದಿದಳು: ‘ಇತ್ತೀಚೆಗೆ ನಿಧನರಾದ ನಮ್ಮ ಮಾಜಿ ನೌಕರರೊಬ್ಬರು ಒಂಬತ್ತು ವರ್ಷಗಳಿಂದ ಮುಚ್ಚಿಟ್ಟಿದ್ದ ಲೆಕ್ಕದ ದೋಷವೊಂದನ್ನು ಇಂದು ಪತ್ತೆಹಚ್ಚಲಾಗಿದೆ. ಸರಿಪಡಿಸಲು ಆಟವನ್ನು ಎರಡು ದಿನ ನಿಲ್ಲಿಸಲಾಗಿದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.’ ಕೆಳಗೆ ಆಗಲೇ ಆಟಗಾರರ ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದವು. ‘ಒಂಬತ್ತು ವರ್ಷ ಟೋಪಿ ಹಾಕಿದ್ನಾ ಮುದುಕ?’ ಎಂಬುದು ಎಲ್ಲಕ್ಕಿಂತ ಮೇಲಿತ್ತು.

ಅತ್ತಿಗೆ ಅವಳ ತೋಳು ಹಿಡಿದು ಹಿಂದಕ್ಕೆ ತಿರುಗಿಸಿದರು. ಅವರ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಇಳಿಯುತ್ತಿತ್ತು. “ನೋಡೇ, ನನ್ನ ತಮ್ಮನಿಗೆ ಎಷ್ಟು ಮರ್ಯಾದೆ ಕೊಡ್ತಿದಾರೆ ನೋಡು.”

ಸಾಲುಸಾಲಾಗಿ ಎಲ್ಲರೂ ತಲೆ ಬಗ್ಗಿಸಿ ನಿಂತಿದ್ದರು. ಒಬ್ಬರೂ ಮಿಸುಕುತ್ತಿರಲಿಲ್ಲ. ಎದೆಯ ಮುಂದೆ ಹಿಡಿದ ಕೈಗಳಲ್ಲಿ ಹೆಬ್ಬೆರಳುಗಳು ಮಾತ್ರ ಆಡುತ್ತಿದ್ದವು; ಬಗ್ಗಿದ ಒಂದೊಂದು ಮುಖಕ್ಕೂ ಕೆಳಗಿನಿಂದ ನೀಲಿ ಬೆಳಕು ಬಿದ್ದಿತ್ತು.