ಗಳಿಕೆಯ ಸಾಲಿನ ಮೇಲೆ ಅಂಗುಸ್ತಾನ

ಕಿಟಕಿಯ ಬಿಸಿಲು ಅಂಗುಸ್ತಾನದ ಚುಕ್ಕಿಗುಳಿಗಳಲ್ಲಿ ಸಿಕ್ಕಿಕೊಂಡು ಮಿನುಗುತ್ತಿದೆ, ಸೂಜಿ ಚುಚ್ಚದಿರಲೆಂದು ನನ್ನವಳು ನಲವತ್ತು ವರ್ಷ ಬೆರಳಿಗೆ ತೊಡಿಸಿದ ಹಿತ್ತಾಳೆಯ ಟೋಪಿ, ದರ್ಜಿಯ ಕಿರೀಟ ಕಣ್ರೀ ಇದು ಎನ್ನುತ್ತಿದ್ದಳು, ಈಗ ಕಂಪನಿಯ ವಾರ್ಷಿಕ ವರದಿ ಹಾರದಂತೆ ಅದರ ಮೇಲೆ ಕುಳಿತಿದೆ — ಅಪ್ಪ, ಹ್ಞೂಂ ಅಂದ್ಬಿಡು, ಷೇರು ಎಂಬತ್ನಾಲ್ಕು ರೂಪಾಯಿಗೆ ಸಿಗ್ತಿದೆ, ಮಗಳು ಬಾಗಿಲಿಗೆ ಒರಗಿದ್ದಾಳೆ, ಕನ್ನಡಕದಂಗಡಿಯಲ್ಲಿ ಆರು ವರ್ಷ ದುಡಿದು ಸ್ವಂತ ಅಂಗಡಿಗೆಂದು ಕೂಡಿಟ್ಟದ್ದೆಲ್ಲ ಅವಳ ಒಂದು ಬೆರಳ ತುದಿಯಲ್ಲಿ, ಫೋನು ಒತ್ತಿದರೆ ಅಷ್ಟೂ ಷೇರು — ಷೇರಿಗೆ ಗಳಿಕೆ ಹನ್ನೆರಡು, ಭಾಗಿಸು ಅಪ್ಪ, ಏಳೇ ಏಳು, ಸಾಲ ಕೊಡೋ ಬೇರೆ ಕಂಪನಿಗಳೆಲ್ಲ ಹತ್ತರಲ್ಲಿವೆ, ಇದು ಅಗ್ಗ, ಮೇಲಾಗಿ ಅಮ್ಮನ ಕಂಪನಿ. ಅಮ್ಮನ ಕಂಪನಿ, ಹೌದು, ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವುದೇ ಅವರ ಕಸುಬು, ಮಿಕ್ಕವರೆಲ್ಲ ಆಗದೆಂದು ಕೈಯಲ್ಲಾಡಿಸಿದಾಗ ಅವಳ ಎರಡನೆಯ ಹೊಲಿಗೆ ಯಂತ್ರಕ್ಕೆ ಸಾಲ ಕೊಟ್ಟದ್ದು ಅವರೇ, ಕೊನೆಯ ಕಂತು ಕಟ್ಟಿದ ದಿನವೇ ಅದರ ಹತ್ತು ಷೇರು ಕೊಂಡು ಬಂದು, ಏನ್ರೀ, ಇನ್ಮೇಲೆ ನಾನು ಕಟ್ಟಿದ ಬಡ್ಡೀಲಿ ನನಗೂ ಪಾಲು, ಎಂದು ನಕ್ಕ ನಗು ಈ ಕೋಣೆಯಲ್ಲೇ ಎಲ್ಲೋ ಇದೆ.

ಅವಳು ಹೋಗಿ ಒಂಬತ್ತು ತಿಂಗಳು, ದೇವರೇ, ಬೆಳಗಿನ ಪ್ರಾರ್ಥನೆಯಲ್ಲಿ ಅವಳ ಹೆಸರು ಬಂದಾಗ ನಾಲಗೆ ಇನ್ನೂ ತಡವರಿಸುತ್ತದೆ, ಇವತ್ತು ಮಾತ್ರ ಮಗಳು ನಿನ್ನೆಯಿಂದ ಹೇಳುತ್ತಿರುವ ಆ ಏಳು ನಿಜವಾಗಿರಲಿ ಎಂದು ಬೇಡಿದೆ, ನಿಜವಾಗಿದ್ದರೆ ಅವಳದೊಂದಿಷ್ಟು ಮಗಳ ಬಳಿ ಉಳಿಯುತ್ತದೆ, ಭಾಗಾಕಾರಕ್ಕೂ ದೇವರನ್ನು ಎಳೆದರೆ ಅವಳು ಸುಮ್ಮನಿರುತ್ತಿದ್ದಳೇ, ಪತ್ರಿಕೆಯವರು ಬೆಲೆ-ಗಳಿಕೆ ಅನುಪಾತ ಎನ್ನುತ್ತಾರೆ, ಅವಳೋ, ಭಾಗಿಸೋದು ಕೂಸೂ ಮಾಡುತ್ತೆ ಕಣ್ರೀ, ಒಂದು ರೂಪಾಯಿ ಗಳಿಕೆಗೆ ಏಳು ಕೊಡ್ತೀವೋ ಹತ್ತು ಕೊಡ್ತೀವೋ ಅಷ್ಟೇ ತಾನೆ, ಆದ್ರೆ ಆ ಗಳಿಕೆ ಎಲ್ಲಿಂದ ಬಂತು, ಎಂದು ಅಂಗುಸ್ತಾನದ ಬೆರಳಿನಿಂದ ಗಳಿಕೆಯ ಸಾಲಿನ ಮೇಲೆ ಟಕ್ ಟಕ್ ಎನಿಸುತ್ತಿದ್ದಳು, ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡ ಗಿರಾಕಿಗೂ, ಉಸಿರು ಬಿಡಿ ಸ್ವಾಮಿ, ಊಟ ಆದ್ಮೇಲೆ ಗುಂಡಿ ಹಾರುತ್ತೆ, ಎನ್ನುವವಳು — ವರದಿಯ ನಲವತ್ತೊಂದನೆಯ ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರ, ಈಗಷ್ಟೇ ನೋಡಿ ಮುಚ್ಚಿಟ್ಟೆ, ಹಳೆಯ ಕಚೇರಿ ಕಟ್ಟಡ ಮಾರಿದ ಲಾಭ, ಷೇರಿಗೆ ಆರು, ಇದ್ದೊಂದು ಕಟ್ಟಡವನ್ನು ವರ್ಷ ವರ್ಷವೂ ಮಾರುವುದುಂಟೆ, ಸಾಲದ ಬಡ್ಡಿಯಿಂದ ಬಂದದ್ದು ಉಳಿದ ಆರು ಮಾತ್ರ, ಎಂಬತ್ನಾಲ್ಕನ್ನು ಆರರಿಂದ ಭಾಗಿಸಿದರೆ ಹದಿನಾಲ್ಕು, ಅಗ್ಗವೆಲ್ಲಿ ಬಂತು, ಎಲ್ಲರಿಗಿಂತ ದುಬಾರಿ, ಇದನ್ನು ಇವಳಿಗೆ ಯಾವ ಬಾಯಲ್ಲಿ ಹೇಳಲಿ, ಅಮ್ಮನ ಕಂಪನಿ ಎನ್ನುವಾಗ ಒಂಬತ್ತು ತಿಂಗಳ ಮೇಲೆ ಮುಖ ಅರಳಿದೆ — ಬಾ ಮಗಳೇ, ಕೂತ್ಕೋ, ನಲವತ್ತೊಂದನೇ ಪುಟ ಒಂದ್ಸಲ ಓದು — ಅಯ್ಯೋ ಅಪ್ಪ, ನೀನೂ ಅಮ್ಮನ ಥರಾನೇ ಆದೆ, ಗೊಣಗುತ್ತಲೇ ಕುಳಿತಳು, ಫೋನು ಕೆಳಗಿಟ್ಟಳು, ಅಂಗುಸ್ತಾನ ಎತ್ತಿದವಳು ಎಲ್ಲಿಡಲೆಂದು ತೋಚದೆ ನಡುಬೆರಳಿಗೆ ಹಾಕಿಕೊಂಡಳು, ಸರಿಯಾಗಿ ಕೂತಿತು, ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿದೆ, ನಾನು ಆ ಗಿರಾಕಿಯಂತೆ ಉಸಿರು ಬಿಗಿಹಿಡಿದಿದ್ದೇನೆ, ಬೆರಳು ನಿಂತಿತು — ಅಪ್ಪ, ಹನ್ನೆರಡರಲ್ಲಿ ಈ ಆರು ಎಲ್ಲಿಂದ ಬಂತು, ಕಟ್ಟಡ ಮಾರಿದ್ದಾ — ಟಕ್, ಬಿಸಿಲಲ್ಲಿ ಹಿತ್ತಾಳೆ, ಟಕ್.