ಬೋರಲು ಮಲಗಿದ ಚಕ್ರವರ್ತಿ

ನಾನೊಂದು ಬೆಳ್ಳಿಯ ನಾಣ್ಯ. ವಯಸ್ಸು ಎರಡು ಸಾವಿರದ ಆಸುಪಾಸು. ಆದರೂ ಕಣ್ಣು, ಮೂಗು, ಗದ್ದ ಎಲ್ಲ ಗಟ್ಟಿಮುಟ್ಟಾಗಿವೆ, ದೃಷ್ಟಿ ತಾಗದಿರಲಿ! ರೋಮ್ ಸಾಮ್ರಾಜ್ಯದ ಟಂಕಸಾಲೆಯಲ್ಲಿ ಬೆವರು ಸುರಿಸುತ್ತಿದ್ದ ಆಳೊಬ್ಬ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದ. ಅದೇ ನನ್ನ ಹುಟ್ಟು. ಒಂದು ಕಡೆ ಚಕ್ರವರ್ತಿ ಟೈಬೀರಿಯಸ್‌ನ ಮುಖ, ಇನ್ನೊಂದು ಕಡೆ ಪೀಠದಲ್ಲಿ ಕುಳಿತ ಹೆಂಗಸು. ಮುಖವೇ ನಾನು, ಹೆಂಗಸು ಬರೀ ಬೆನ್ನು ಎಂದು ಅಂದೇ ತೀರ್ಮಾನಿಸಿಬಿಟ್ಟೆ. ಅಷ್ಟು ಜಂಬ ನನಗೆ.

ಮೆಣಸು ಕೊಳ್ಳಲು ಹೊರಟ ಹಡಗಿನಲ್ಲಿ ಪಡುವಣ ಕರಾವಳಿಗೆ ಬಂದೆ. ಎತ್ತಿನ ಹೇರಿನಲ್ಲಿ ಘಟ್ಟ ಹತ್ತಿದೆ. ಯಾರೋ ವ್ಯಾಪಾರಿ ನನ್ನನ್ನು ಜೊತೆಗಾರ ನಾಣ್ಯಗಳೊಂದಿಗೆ ಮಡಕೆಯಲ್ಲಿಟ್ಟು ಹೂತ. ಮರಳಿ ಬರಲೇ ಇಲ್ಲ ಪುಣ್ಯಾತ್ಮ. ನೂರು ವರ್ಷದ ಹಿಂದೆ ಬೆಟಗೇರಿಯ ನೇಕಾರರ ಮನೆಯಲ್ಲಿ ಬಾವಿ ತೋಡುವಾಗ ಹಾರೆ ಆ ಮಡಕೆಗೆ ತಗುಲಿತು. ಉಳಿದವರೆಲ್ಲ ಎಲ್ಲಿ ಹೋದರೋ, ನಾನು ಆ ಮನೆಯ ಸೊಸೆಯ ಕೈ ಸೇರಿದೆ.

ಅವಳ ಕಣ್ಣಿಗೆ ಮೊದಲು ಬಿದ್ದದ್ದು ಕುಳಿತ ಹೆಂಗಸು, ಅವಳ ಕೈಯಲ್ಲಿ ತಾವರೆಯಂತೆ ಕಂಡ ಟೊಂಗೆ. "ಅಯ್ಯ, ಲಕ್ಷ್ಮವ್ವ!" ಅಂದಳು. ಮುಗಿಯಿತು ನನ್ನ ಕತೆ! ದೇವರ ಜಗಲಿಯಲ್ಲಿ ಖಣದ ತುಂಡಿನ ಮೇಲೆ ನನ್ನನ್ನು ಬೆನ್ನು ಮೇಲಾಗಿ ಇಟ್ಟರು. ಪ್ರತಿ ಶುಕ್ರವಾರ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಾಟ. ದೇವರನ್ನು ಬೋರಲು ಹಾಕಬಾರದೆಂದು ನನ್ನನ್ನು ಯಾರೂ ಮಗುಚಲಿಲ್ಲ. ಇದ್ದಲ್ಲೇ ತಿಕ್ಕಿ, ಇದ್ದಲ್ಲೇ ಒರೆಸಿದರು. ಹೀಗೆ ಲೋಕವಾಳಿದ ಚಕ್ರವರ್ತಿ ಬಟ್ಟೆಗೆ ಮೂಗು ಒತ್ತಿಕೊಂಡು ನೂರು ವರ್ಷ ಬೋರಲು ಮಲಗಿದ. ಸಿಟ್ಟು ಬರದೆ ಇನ್ನೇನು?

ತಿಕ್ಕಿ ತಿಕ್ಕಿ ಲಕ್ಷ್ಮಿಯ ಮುಖವೇ ಸವೆದುಹೋಯಿತು. ಈಗಿನ ಯಜಮಾನಿ ಕಸ್ತೂರೆವ್ವ ಒಂದು ಸೋಮವಾರ ನನ್ನನ್ನು ದಿಟ್ಟಿಸಿ ನೋಡಿದಳು.

"ಮುಖ ಇಲ್ಲದ ದೇವರನ್ನ ಪೂಜಿ ಮಾಡಬಾರದು. ಪತ್ತಾರ ಮೌನೇಶಪ್ಪಗ ಕೊಟ್ಟು ಕರಗಸೂಣು. ಹಳೀ ಬೆಳ್ಳಿ ಎಲ್ಲಾ ಕೂಡಿ ಮೊಮ್ಮಗಗ ಒಂದು ಉಡದಾರ ಆಗತೈತಿ."

ಅಕ್ಕಸಾಲಿಗನ ಕುಲುಮೆಗೆ ನಾನು! ಎರಡು ಸಾವಿರ ವರ್ಷ ಬದುಕಿ ಕೊನೆಗೆ ಕೂಸಿನ ಸೊಂಟ ಸೇರುವುದೆ!

ಆಗ ಬಾಯಿ ತೆರೆದವಳು ಸೊಸೆ ಶಶಿಕಲಾ. ಜಂಪರು ಹೊಲಿಯುವುದು ಅವಳ ಕಸುಬು, ಆರು ತಿಂಗಳಿಂದ ಹಳೆಯ ನಾಣ್ಯ ಕೂಡಿಡುವ ಹುಚ್ಚು. "ಅತ್ತೀ, ಬರೂ ಸೋಮವಾರ ತನಕಾ ತಡೀರಿ" ಅಂದಳು.

"ತಡೀತೀನಿ. ಒಂದು ದಿನಾನೂ ಹೆಚ್ಚಿಗಿಲ್ಲ."

ಶಶಿಕಲಾ ನನ್ನನ್ನು ಮಗುಚಿದಳು. "ಯವ್ವಾ! ಇಲ್ಲೊಬ್ಬ ಗಂಡಸು ಅದಾನ!" ಅಬ್ಬಾ, ಕೊನೆಗೂ! ಮೊದಲು ಬ್ರಿಟಿಷ್ ರಾಜನೆಂದು ತಿಳಿದಳು. ನಿನ್ನೆ ಮೊನ್ನೆ ಬಂದುಹೋದವನಿಗೆ ನನ್ನನ್ನು ಹೋಲಿಸುವುದೆ? ಆದರೆ ಹುಡುಗಿ ಹಟಮಾರಿ. ಭೂತಗನ್ನಡಿ ಹಿಡಿದು ಅಂಚಿನ ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಂಡಳು. ಗ್ರಂಥಾಲಯದ ಪುಸ್ತಕದ ಚಿತ್ರಗಳ ಪಕ್ಕ ಇಟ್ಟು ನೋಡಿದಳು. ಪತ್ತಾರನ ತಕ್ಕಡಿಯಲ್ಲಿ ತೂಗಿಸಿದಳು. ಮೂರೂವರೆ ಗ್ರಾಮಿಗೆ ತುಸು ಮೇಲೆ, ಸವೆದದ್ದು ಬಿಟ್ಟರೆ ಪುಸ್ತಕದ ಲೆಕ್ಕಕ್ಕೆ ಸರಿ. ಒಮ್ಮೆ ಹೊಳಪು ಬರಲೆಂದು ಅವಳ ಕೈ ಹುಣಸೆಹಣ್ಣಿನತ್ತ ಹೋಯಿತು. ಮುಗಿಯಿತು, ಇನ್ನು ನನ್ನ ಮುಖದ ಸರದಿ! "ಬ್ಯಾಡ, ತಿಕ್ಕಿದ್ದು ಸಾಕು" ಎಂದು ತಾನೇ ಕೈ ಹಿಂತೆಗೆದಳು.

ಭಾನುವಾರ ಹುಬ್ಬಳ್ಳಿಯ ನಾಣ್ಯ ಪ್ರದರ್ಶನಕ್ಕೆ ಹೋದೆವು. ಅಂಗಡಿ ಹರವಿದ್ದ ವ್ಯಾಪಾರಿಯೊಬ್ಬ ನನ್ನನ್ನು ನೋಡಿದಂತೆ ಮಾಡಿ ಬದಿಗೆ ಸರಿಸಿದ. "ಎರಕದ ನಕಲಿ ಮಾಲು ಬಾಯಾರ. ಇನ್ನೂರು ಕೊಡ್ತೀನಿ, ಇಟ್ಟು ಹೋಗ್ರಿ."

ಶಶಿಕಲಾ ನನ್ನನ್ನು ಎತ್ತಿ ಅಂಚನ್ನು ಅವನ ಕಣ್ಣ ಮುಂದೆ ಹಿಡಿದಳು. "ಎರಕದ್ದಾದ್ರ ಅಂಚಿನ್ಯಾಗ ಅಚ್ಚು ಕೂಡಿದ ಗೆರಿ ಎಲ್ಲೈತ್ರೀ? ಅಕ್ಷರ ಮೊಂಡ ಇರಬೇಕಾಗಿತ್ತಲ್ಲ, ಇವು ನೋಡ್ರಿ ಎಷ್ಟು ಚೂಪ ಅದಾವು! ಮತ್ತ ನಕಲಿಗೆ ಇನ್ನೂರು ಯಾಕ ಕೊಡ್ತೀರಿ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಭಲೇ ಹೆಣ್ಣೇ! ನಾಣ್ಯಗಳನ್ನು ಪರೀಕ್ಷಿಸಲು ಬಂದಿದ್ದ ನಿವೃತ್ತ ಇತಿಹಾಸ ಮೇಷ್ಟ್ರು ಬೆಳಗಲಿಯವರು ನನ್ನನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

"ಅಸಲಿ ಐತವ್ವ. ಬೆನ್ನ ಸವದೈತಿ, ಮುಖ ಮಾತ್ರ ನಿನ್ನೆ ಹೊಡದಂಗೈತಿ. ಹಳೇದಂತ ಲಕ್ಷ ಬರಂಗಿಲ್ಲ ಮತ್ತ, ಇಂಥಾವು ಸಾಕಷ್ಟು ಉಳದಾವು. ಹದಿನೈದು ಸಾವಿರ ಬಂದೀತು."

ಸಾಕಷ್ಟು ಉಳಿದಾವಂತೆ! ಜಂಬಕ್ಕೆ ಸ್ವಲ್ಪ ಪೆಟ್ಟು ಬಿತ್ತು. ಆದರೂ ಅಸಲಿ ಎಂಬ ಒಂದು ಮಾತಿಗೆ ನಾನು ಕುಣಿದಾಡಿದೆ.

ಸೋಮವಾರ ಪತ್ತಾರ ಮೌನೇಶಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಶಶಿಕಲಾ ಎಲ್ಲ ಹೇಳಿದಳು. ಕಸ್ತೂರೆವ್ವ ಜಗ್ಗಲಿಲ್ಲ. "ರೊಕ್ಕದ ಮಾತಲ್ಲ. ಮುಖ ಹೋದಮ್ಯಾಲ ಅದು ದೇವರಲ್ಲ."

"ದೇವರು ಮೊದಲಿಂದಾನೂ ಅಲ್ಲ ಅತ್ತೀ. ಈತ ಚಕ್ರವರ್ತಿ. ಹಿಂದ ಕುಂತಾಕಿ ಈತನ ಅವ್ವ ಅಂತ ತಿಳದವರು ಹೇಳ್ತಾರ."

ಕಸ್ತೂರೆವ್ವ ಭೂತಗನ್ನಡಿ ಇಸಿದುಕೊಂಡಳು. ನನ್ನ ಮುಖ ನೋಡಿದಳು. ಮಗುಚಿ ಸವೆದ ಹೆಂಗಸನ್ನು ನೋಡಿದಳು, ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಅವಳ ಕಣ್ಣು ತುಂಬಿತು.

"ತಿಕ್ಕಿದ್ದೆಲ್ಲಾ ಅವ್ವ ತಡಕೊಂಡ್ಲು. ಮಗನ ಮುಖ ಉಳೀತು" ಅಂದಳು. ಆಮೇಲೆ ತನ್ನ ಬೆಳ್ಳಿಯ ಕಾಲ್ಗಡಗ ಬಿಚ್ಚಿ ಪತ್ತಾರನ ಮುಂದಿಟ್ಟಳು. "ಉಡದಾರಕ್ಕ ಇದನ್ನ ಹಾಕೋ ಮೌನೇಶಪ್ಪ. ಅವ್ವನ್ನ ಯಾರರೆ ಕರಗಸ್ತಾರೇನು?"

ನಾನು ಗೆದ್ದೆ! ಅಲ್ಲ, ನನ್ನನ್ನು ಗೆಲ್ಲಿಸಿದರು. ಎರಡು ಸಾವಿರ ವರ್ಷದಲ್ಲಿ ಆ ಹೆಂಗಸಿನ ಕಡೆ ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಈಗ ನಾನು ಅದೇ ಮನೆಯ ಪಡಸಾಲೆಯಲ್ಲಿ ಎರಡು ಗಾಜುಗಳ ನಡುವೆ ನೆಟ್ಟಗೆ ನಿಂತಿದ್ದೇನೆ. ಊರೂರಿಂದ ಜನ ನೋಡಲು ಬರುತ್ತಾರೆ. ಶಶಿಕಲಾ ಮೊದಲು ಸವೆದ ಕಡೆಯನ್ನೇ ತೋರಿಸುತ್ತಾಳೆ, ಆಮೇಲೆ ನನ್ನನ್ನು. ನಾನು ಸರದಿ ಕಾಯುತ್ತೇನೆ. ಚಕ್ರವರ್ತಿಯಾದರೇನು, ಅವ್ವನ ಹಿಂದೆ ನಿಲ್ಲುವುದಕ್ಕೆ ನಾಚಿಕೆಯೆ?